ಪೇಷಂಟ್ ಕಡೆಯವರು ಯಾರು?

ಮಾನಸಿಕ ಆರೋಗ್ಯ ವಿಭಾಗದ ಓಪಿಡಿ ಹೊರಗೆ ಬೆಂಚಿನ ಮೇಲೆ ಕಾದು ಕೂತವರಿಗೆ ಈ ಕೂಗು ಚೆನ್ನಾಗಿ ಗೊತ್ತು: ‘ಪೇಷಂಟ್ ಕಡೆಯವರು ಯಾರು? ಒಳಗೆ ಬನ್ನಿ.’ ಅಪ್ಪನೋ ಅಣ್ಣನೋ ಗಂಡನೋ ಫೈಲು ಹಿಡಿದು ಏಳುತ್ತಾರೆ. ನಿದ್ದೆ ಹೇಗಿದೆ, ಮಾತ್ರೆ ನುಂಗ್ತಾರಾ, ಗಲಾಟೆ ಮಾಡ್ತಾರಾ ಅನ್ನುವುದಕ್ಕೆಲ್ಲ ಅವರೇ ಉತ್ತರ ಕೊಡುತ್ತಾರೆ. ಮಾತ್ರೆ ನುಂಗಬೇಕಾದವರು ಪಕ್ಕದಲ್ಲೇ ಸುಮ್ನೆ ಕೂತಿರುತ್ತಾರೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬದಲಿಸಲು ಹೊರಟಿದ್ದು ಇದನ್ನೇ. 2018ರಲ್ಲಿ ಅದು ಜಾರಿಗೆ ಬಂತು. ಅಲ್ಲಿಂದ ಚರ್ಚೆ ಗೋಜಲಾಗುತ್ತಲೇ ಇದೆ. ಕೈ ಕಟ್ಟಿಹಾಕಿದ್ದಾರೆ ಅಂತ ಕೆಲವು ವೈದ್ಯರು ಹೇಳುತ್ತಾರೆ. ನೋಡಿಕೊಳ್ಳುವುದು ನಾವು, ನಮ್ಮನ್ನೇ ಹೊರಗಿಟ್ಟಿದ್ದಾರೆ ಅಂತ ಮನೆಯವರು. ಈಗಲೂ ನಮ್ಮನ್ನು ಯಾರೂ ಕೇಳುವುದಿಲ್ಲ ಅಂತ ಚಿಕಿತ್ಸೆ ಪಡೆಯುವವರು. ಮೂರು ಮಾತಿಗೂ ಹಳೆಯ ಬೇರಿದೆ.

ಬ್ರಿಟಿಷರು ತಂದ 1912ರ ಲೂನಸಿ ಕಾಯ್ದೆಯ ಕಾಲದಲ್ಲಿ ಆಸ್ಪತ್ರೆಗೆ ಕಳಿಸುವ ಆದೇಶ ಹೆಚ್ಚಾಗಿ ಮ್ಯಾಜಿಸ್ಟ್ರೇಟರ ಕೈಯಲ್ಲಿತ್ತು. ಒಳಗೆ ಹೋದವರ ಮಾತಿಗೂ ಬೆಲೆಯಿರಲಿಲ್ಲ, ಮನೆಯವರಿಗೂ ಅಲ್ಲಿ ಜಾಗವಿರಲಿಲ್ಲ.

ಮನೆಯವರಿಗೆ ಗೇಟು ತೆರೆದ ಕಥೆ ಮಾತ್ರ ನಿಜಕ್ಕೂ ಚೆಂದದ್ದು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹಾಕಿಸಿದರು. ಮನೆಯವರು ರೋಗಿಯ ಜೊತೆ ಅಲ್ಲೇ ಉಳಿದರು. ಕಾಯಿಲೆ ಏನು, ಹೇಗೆ ನೋಡಿಕೊಳ್ಳಬೇಕು ಅಂತ ಕಲಿತರು. ಮುಂದೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮನೆಯವರು ಜೊತೆಗಿರುವ ವಾರ್ಡು ಬಂತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು, ಊರಿನ ಹತ್ತಿರವೇ ಮಾತ್ರೆ ಸಿಗುವಂತೆ ಮಾಡಿದರು. ಆ ಪ್ರಯೋಗವೇ 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ಹೀಗೆ ಜನ ಗೋಡೆಯಾಚೆ ಬಂದು ತಮ್ಮ ಮನೆಯಲ್ಲೇ ಉಳಿದರು. ಸಣ್ಣ ವಿಷಯವಲ್ಲ ಅದು.

ಆದರೆ ಮಾತ್ರೆಯ ಡಬ್ಬಿಯೂ ಮನೆಯವರ ಕೈಗೆ ಬಂತು. ಅದರ ಜೊತೆಗೇ ‘ಹೂಂ’, ‘ಊಹೂಂ’ ಅನ್ನುವ ಅಧಿಕಾರವೂ ಬಂತು. 1993ರಲ್ಲಿ ಜಾರಿಯಾದ 1987ರ ಮಾನಸಿಕ ಆರೋಗ್ಯ ಕಾಯ್ದೆ ಇದಕ್ಕೆ ಮುದ್ರೆ ಒತ್ತಿತು. ಸಂಬಂಧಿಕರ ಅರ್ಜಿ, ಇಬ್ಬರು ವೈದ್ಯರ ಸರ್ಟಿಫಿಕೇಟ್ ಇದ್ದರೆ, ಒಪ್ಪಿಗೆ ಹೇಳಲಾಗದ ಸ್ಥಿತಿಯಲ್ಲಿರುವವರನ್ನು 90 ದಿನದವರೆಗೆ ಅಡ್ಮಿಟ್ ಮಾಡಬಹುದಿತ್ತು.

ಮನೆಯೊಳಗೆ ನಡೆಯುವುದು ಯಾವ ಕಾಯ್ದೆಯ ಪುಸ್ತಕದಲ್ಲೂ ಸಿಗುವುದಿಲ್ಲ. ಮಾತ್ರೆ ಬೇಡ ಅಂದವರಿಗೆ ಅದನ್ನು ಪುಡಿ ಮಾಡಿ ಸಾರಿನಲ್ಲೋ ಕಾಫಿಯಲ್ಲೋ ಬೆರೆಸಿ ಕೊಡುವುದು ನಮ್ಮಲ್ಲಿ ಹೊಸದೇನಲ್ಲ. ಬೆರೆಸುವ ಅಮ್ಮನಿಗೆ ಬೇರೆ ದಾರಿ ಕಾಣುವುದಿಲ್ಲ. ಮಗ ಮತ್ತೆ ಮನೆ ಬಿಟ್ಟು ಹೋದಾನು ಅನ್ನುವ ಭಯ ಅವಳಿಗೆ. ಆದರೆ ಒಂದು ದಿನ ಮಗನಿಗೆ ಗೊತ್ತಾದರೆ? ‘ನನಗೆ ಏನೋ ಹಾಕ್ತಾರೆ’ ಅನ್ನುವ ಅನುಮಾನ ಅವನ ಕಾಯಿಲೆಯ ಭಾಗವೇ ಆಗಿದ್ದರೆ, ಈಗ ಅದು ನಿಜವೂ ಆಯಿತಲ್ವಾ? ಆಮೇಲೆ ಆ ಮನೆಯ ಊಟವನ್ನು ಅವನು ಹೇಗೆ ನಂಬಬೇಕು?

ಅವನು ಮಾತ್ರೆ ಯಾಕೆ ಬೇಡ ಅಂದ ಅನ್ನುವ ಪ್ರಶ್ನೆ ಇಲ್ಲಿ ಕಳೆದುಹೋಗುತ್ತದೆ. ಹ್ಯಾಲೊಪೆರಿಡಾಲ್ ಅನ್ನುವ ಮಾತ್ರೆಯಿಂದ ಕೈ ನಡುಗಬಹುದು, ಮೈ ಬಿಗಿಯಬಹುದು. ಓಲಾಂಜಪಿನ್ ಅನ್ನುವ ಇನ್ನೊಂದರಿಂದ ತೂಕ ಜಾಸ್ತಿಯಾಗಬಹುದು. ಟೈಲರಿಂಗ್ ಮಾಡುವವರಿಗೆ ಕೈ ನಡುಗಿದರೆ ಅನ್ನವೇ ಹೋಯಿತು. ಡೋಸ್ ಇಳಿಸಲು, ಬೇರೆ ಮಾತ್ರೆ ನೋಡಲು ಎಷ್ಟೋ ಸಲ ದಾರಿ ಇರುತ್ತದೆ. ಕೇಳಿದರೆ ತಾನೇ ಗೊತ್ತಾಗುವುದು?

2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ, ಮಾನಸಿಕ ಕಾಯಿಲೆಯವರನ್ನು ಇಟ್ಟಿದ್ದ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿದ್ದ 28 ಜನ ಓಡಲಾಗದೆ ಸತ್ತರು. ದೇಶ ಬೆಚ್ಚಿತು, ಸುಪ್ರೀಂ ಕೋರ್ಟ್ ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. 2007ರಲ್ಲಿ ಭಾರತ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿತು. ಅದಕ್ಕೆ ಹೊಂದುವ ಕಾಯ್ದೆ ಬರಲು ಇನ್ನೂ 10 ವರ್ಷ ಹಿಡಿಯಿತು.

ಹೊಸ ಕಾಯ್ದೆಯ 4ನೇ ಸೆಕ್ಷನ್ನಿನಲ್ಲಿ ಒಂದು ಮಾತಿದೆ. ಒಬ್ಬರು ತಮ್ಮ ಚಿಕಿತ್ಸೆಯ ಬಗ್ಗೆ ತೆಗೆದುಕೊಂಡ ನಿರ್ಧಾರ ಬೇರೆಯವರಿಗೆ ತಪ್ಪು ಅನ್ನಿಸಿತು ಅಂದಮಾತ್ರಕ್ಕೆ, ಅವರಿಗೆ ನಿರ್ಧರಿಸುವ ಶಕ್ತಿ ಇಲ್ಲ ಅಂತ ಅರ್ಥವಲ್ಲ. ಇಡೀ ಕಾಯ್ದೆಯ ಜೀವ ಇರುವುದು ಇಲ್ಲಿಯೇ ಅಂತ ನನಗೆ ಅನ್ನಿಸುತ್ತದೆ. ಹೆಚ್ಚಿನ ಬೆಂಬಲ ಬೇಕಾದವರನ್ನು ಅವರ ಒಪ್ಪಿಗೆಯಿಲ್ಲದೆ ಅಡ್ಮಿಟ್ ಮಾಡಲು ಈಗಲೂ ಅವಕಾಶವಿದೆ, ಆದರೆ ಮೊದಲಿಗೆ 30 ದಿನಕ್ಕೆ ಮಾತ್ರ. ಏಳು ದಿನಕ್ಕೊಮ್ಮೆ ಅವರ ನಿರ್ಧರಿಸುವ ಶಕ್ತಿಯನ್ನು ಮತ್ತೆ ನೋಡಬೇಕು. ಅರಿವಳಿಕೆ ಇಲ್ಲದೆ ಕರೆಂಟ್ ಚಿಕಿತ್ಸೆ ಕೊಡುವಂತಿಲ್ಲ. ಸರಪಳಿ ಹಾಕುವಂತಿಲ್ಲ.

ಮನೆಯವರ ದೂರಿನಲ್ಲೂ ಸತ್ಯವಿದೆ. ರಾತ್ರಿ 2 ಗಂಟೆಗೆ ಆಟೋ ಹುಡುಕುವವರು ಅವರೇ. ಕಾಯ್ದೆ ಅವರಿಗೆ ಹೊಣೆ ಬಿಟ್ಟಿದೆ, ನೆರವು ಕೊಟ್ಟಿದ್ದು ಕಡಿಮೆ. ವೈದ್ಯರ ಕಷ್ಟವೂ ಸುಳ್ಳಲ್ಲ. ಹೊರಗೆ ಸಾಲು ನಿಂತಿರುವಾಗ ಐದು ನಿಮಿಷದಲ್ಲಿ ಮಾತ್ರೆಯ ಒಳಿತು ಕೆಡುಕು ವಿವರಿಸಿ, ‘ನಿಮಗೆ ಯಾವುದು ಆಗುತ್ತೆ?’ ಅಂತ ಕೇಳಿ, ಉತ್ತರಕ್ಕೆ ಕಾಯುವುದು ಹೇಗೆ? ಕಾಯುವುದಕ್ಕೆ ಬೇಕಾದ ಜನರನ್ನು ಕಾಯ್ದೆ ಒದಗಿಸಲಿಲ್ಲ. ಮೇಲ್ವಿಚಾರಣೆಯ ಪರಿಶೀಲನಾ ಮಂಡಳಿಗಳೂ ಅನೇಕ ಕಡೆ ತಡವಾಗಿಯೇ ಬಂದವು.

ಇದರ ನಡುವೆ ಹೆಚ್ಚು ಜನರಿಗೆ ತಿಳಿಯದೇ ಉಳಿದಿರುವುದು ‘ಮುಂಗಡ ನಿರ್ದೇಶನ’. ಮುಂದೆ ನಿರ್ಧರಿಸಲಾಗದ ಸ್ಥಿತಿ ಬಂದರೆ ತಮಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಆರೋಗ್ಯವಾಗಿರುವಾಗಲೇ ವಯಸ್ಕರು ಯಾರು ಬೇಕಾದರೂ ಬರೆದಿಡಬಹುದು, ಎಷ್ಟು ಸಲ ಬೇಕಾದರೂ ಬದಲಿಸಬಹುದು. ತುರ್ತು ಚಿಕಿತ್ಸೆಗೆ ಅದು ಅನ್ವಯಿಸುವುದಿಲ್ಲ. ಉಳಿದಂತೆ, ಅದನ್ನು ಪಾಲಿಸಲು ಆಗುವುದಿಲ್ಲ ಅನ್ನುವ ವೈದ್ಯರೋ ಮನೆಯವರೋ ಮಂಡಳಿಗೆ ಅರ್ಜಿ ಹಾಕಬೇಕು. ನಿರ್ದೇಶನದಲ್ಲಿ ದೊಡ್ಡ ಮಾತೇನೂ ಬೇಕಿಲ್ಲ, ಹೀಗೆ ಬರೆದರೆ ಸಾಕು: ಈ ಮಾತ್ರೆ ಕೊಟ್ಟರೆ ನನಗೆ ಕೈ ನಡುಗುತ್ತೆ, ಕಳೆದ ಸಲ ಆ ಮಾತ್ರೆ ಒಗ್ಗಿತ್ತು. ಅಡ್ಮಿಟ್ ಮಾಡುವುದಾದರೆ ನನಗೆ ಹೇಳಿ ಮಾಡಿ. ನನ್ನ ಪರವಾಗಿ ಮಾತಾಡಲು ಅಕ್ಕ ಬರಲಿ, ಅವಳಿಗೆ ಫೋನ್ ಮಾಡಿ.