ಮೇನ್‌ಫ್ರೇಮ್ ಕನ್ಸೋಲ್‌ಗೆ ಯಾರು ಹೊಣೆ?

ಆಡಿಟ್ ಎಂದ ಕೂಡಲೇ ಮೇನ್‌ಫ್ರೇಮ್, ಅಂದರೆ ದೊಡ್ಡ ಸಂಸ್ಥೆಗಳ ಭಾರೀ ಕಂಪ್ಯೂಟರ್, ನೋಡಿಕೊಳ್ಳುವ ತಂಡಗಳು ರ‍್ಯಾಕ್‌ಎಫ್ ವರದಿ ತೆಗೆದು ಮುಂದಿಡುತ್ತವೆ. ರ‍್ಯಾಕ್‌ಎಫ್ ಎಂದರೆ ಅಲ್ಲಿ ಯಾರಿಗೆ ಏನು ಅನುಮತಿ ಎಂದು ಕಾಯುವ ಭದ್ರತಾ ತಂತ್ರಾಂಶ. ಯಾರಿಗೆ ಯಾವ ಡೇಟಾಸೆಟ್, ಯಾರಿಗೆ ಸ್ಪೆಷಲ್ ಅಧಿಕಾರ, ಯಾವ ಐಡಿ ಎಷ್ಟು ದಿನದಿಂದ ಸುಮ್ಮನೆ ಬಿದ್ದಿದೆ, ಎಲ್ಲಕ್ಕೂ ಉತ್ತರ ತಯಾರು. ‘ಎಚ್‌ಎಂಸಿಗೆ ಯಾರು ಯಾರು ಲಾಗಿನ್ ಆಗಬಹುದು?’ ಎಂದು ಕೇಳಿ ನೋಡಿ. ಮಂಗಳೂರಿನಲ್ಲಿ ಕೂತು ಹೊರದೇಶದ ಬ್ಯಾಂಕು, ವಿಮಾ ಕಂಪನಿಗಳ ಮೇನ್‌ಫ್ರೇಮ್ ನೋಡಿಕೊಳ್ಳುವ ತಂಡಗಳಿಗೆ ಭದ್ರತೆಯ ಸಲಹೆ ಕೊಡುವುದು ನನ್ನ ಕಸುಬು. ನನಗೆ ಹೆಚ್ಚಾಗಿ ಸಿಗುವ ಉತ್ತರ: ‘ಅದು ಹಾರ್ಡ್‌ವೇರ್‌ನವರದ್ದಲ್ವಾ ಸಾರ್?’

ಎಚ್‌ಎಂಸಿ ಎಂದರೆ ಹಾರ್ಡ್‌ವೇರ್ ಮ್ಯಾನೇಜ್‌ಮೆಂಟ್ ಕನ್ಸೋಲ್. ಐಬಿಎಂನ ಝಡ್ ಯಂತ್ರದೊಳಗೆ ಸಪೋರ್ಟ್ ಎಲಿಮೆಂಟ್ ಎಂಬ ಎರಡು ಚಿಕ್ಕ ಕಂಪ್ಯೂಟರ್‌ಗಳಿರುತ್ತವೆ. ಒಂದು ಕೆಲಸಕ್ಕೆ, ಇನ್ನೊಂದು ಅದು ಕೈಕೊಟ್ಟರೆ ಬೇಕೆಂದು. ಎಚ್‌ಎಂಸಿ ಇವುಗಳ ಮೂಲಕ ಇಡೀ ಯಂತ್ರವನ್ನು ಆಳುತ್ತದೆ. ಎಲ್‌ಪಾರ್ (ಒಂದೇ ಯಂತ್ರವನ್ನು ಹಂಚಿ ಮಾಡಿದ, ಸ್ವತಂತ್ರವಾಗಿ ಓಡುವ ಭಾಗ) ಎಬ್ಬಿಸುವುದು, ಮಲಗಿಸುವುದು, ಆಪರೇಟಿಂಗ್ ಸಿಸ್ಟಮ್ ಲೋಡ್ ಮಾಡುವುದು, ಪ್ರೊಸೆಸರ್ ಪಾಲು ಬದಲಿಸುವುದು ಎಲ್ಲ ಅಲ್ಲಿಂದಲೇ. ರ‍್ಯಾಕ್‌ಎಫ್ ಇರುವುದು ಝಡ್‌ಓಎಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ಒಳಗೆ, ಕನ್ಸೋಲ್‌ನ ಕೆಲಸ ನಡೆಯುವುದು ಅದರ ಕೆಳಗೆ. ಕನ್ಸೋಲ್‌ನ ಬಳಕೆದಾರರ ಪಟ್ಟಿ ಬೇರೆ, ಪಾಸ್‌ವರ್ಡ್ ನಿಯಮ ಬೇರೆ, ಲಾಗ್ ಬೇರೆ. ಒಳಕೋಣೆಗಳಿಗೆಲ್ಲ ಬೀಗ ಜಡಿದು ಮೈನ್ ಸ್ವಿಚ್ಚನ್ನು ಜಗಲಿಯಲ್ಲಿ ಬಿಟ್ಟ ಹಾಗೆ.

ಹೀಗಾಗುವುದಕ್ಕೆ ತಂಡದವರ ಉದಾಸೀನಕ್ಕಿಂತ ದಾಖಲೆಗಳ ಸ್ಥಿತಿಯೇ ದೊಡ್ಡ ಕಾರಣ ಎನ್ನುವುದು ನನ್ನ ಅಭಿಪ್ರಾಯ. ಯಾವ ಪರದೆಯಲ್ಲಿ ಯಾವ ಬಟನ್ ಏನು ಮಾಡುತ್ತದೆ ಎಂಬುದು ಕೈಪಿಡಿಗಳಲ್ಲಿ ಸಿಗುತ್ತದೆ. ಆ ಬಟನ್ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ನಾಲ್ಕಾರು ಕಡೆ ಹುಡುಕಬೇಕು. ಬಳಕೆದಾರರ ವಿಷಯ ಒಂದು ಕಡೆ, ನೆಟ್‌ವರ್ಕ್ ಜೋಡಣೆ ಇನ್ನೊಂದು ಕಡೆ, ಪ್ರೋಗ್ರಾಂ ಮೂಲಕ ನಿಯಂತ್ರಿಸುವ ವಿಷಯ ಮತ್ತೊಂದು ಪುಸ್ತಕದಲ್ಲಿ. ಹಾರ್ಡ್‌ವೇರ್ ಕೈಪಿಡಿಯನ್ನು ಸರ್ವಿಸ್ ಇಂಜಿನಿಯರ್ ಓದುತ್ತಾರೆ, ಭದ್ರತೆಯ ಕೈಪಿಡಿಯನ್ನು ರ‍್ಯಾಕ್‌ಎಫ್ ಅಡ್ಮಿನ್ ಓದುತ್ತಾರೆ. ಎರಡನ್ನೂ ಜೋಡಿಸಿ ಓದುವುದು ಯಾರ ಕೆಲಸವೂ ಅಲ್ಲ. ಅಮೆರಿಕದ ರಕ್ಷಣಾ ಇಲಾಖೆಯ ಡೀಸಾ ಸಂಸ್ಥೆ ಎಚ್‌ಎಂಸಿಗೆಂದೇ ಒಂದು ಸ್ಟಿಗ್, ಅಂದರೆ ಭದ್ರತಾ ನಿಯಮಗಳ ಪಟ್ಟಿ, ಹೊರಡಿಸಿದೆ. ಒಳ್ಳೆಯ ಪಟ್ಟಿ, ಓದಿ. ಆದರೆ ನಿಮ್ಮ ಸೈಟಿನಲ್ಲಿ ಯಾರು ಎನ್ನುವುದನ್ನು ನೀವೇ ಬರೆದುಕೊಳ್ಳಬೇಕು.

ಬರೆದಿಟ್ಟ ಕಡೆಯೂ ಅದು ಹಳತಾಗಿರುತ್ತದೆ. ‘ಕನ್ಸೋಲ್ ಆಪರೇಟರ್ ಕೋಣೆಯಲ್ಲಿದೆ, ಕೋಣೆಗೆ ಬ್ಯಾಡ್ಜ್ ಇದೆ, ಆದ್ದರಿಂದ ಸುರಕ್ಷಿತ’ ಎಂಬ ವಾಕ್ಯ ಎಷ್ಟೋ ರನ್‌ಬುಕ್‌ಗಳಲ್ಲಿ, ಅಂದರೆ ತಂಡದ ದಿನನಿತ್ಯದ ಕೆಲಸದ ಸೂಚನೆಗಳಲ್ಲಿ, ಈಗಲೂ ಕೂತಿದೆ. ಬ್ರೌಸರ್‌ನಿಂದ ಕನ್ಸೋಲ್ ತೆರೆಯಲು ಶುರುವಾಗಿಯೇ ಬಹಳ ಕಾಲವಾಯಿತು. 2019ರ ಝಡ್15ರಿಂದೀಚೆಗೆ ಎಚ್‌ಎಂಸಿಯನ್ನು ಯಂತ್ರದ ಫ್ರೇಮಿನೊಳಗೇ ಇಟ್ಟುಕೊಳ್ಳಬಹುದು. ಹಾಗಿದ್ದ ಕಡೆ ಕಾಯಲು ಮೇಜೂ ಇಲ್ಲ, ಕೋಣೆಯೂ ಇಲ್ಲ.

ಒಂದು ಸೈಟಿನ ಕನ್ಸೋಲ್ ಲಾಗ್ ನೋಡುತ್ತಿದ್ದೆ. ರಾತ್ರಿ ಪಾಳಿಯಲ್ಲಿ ಒಂದು ಟೆಸ್ಟ್ ಎಲ್‌ಪಾರ್ ಡಿಆಕ್ಟಿವೇಟ್ ಆಗಿತ್ತು. ಮಾಡಿದವರ ಹೆಸರಿನ ಜಾಗದಲ್ಲಿ ‘ಸಿಸ್‌ಪ್ರೋಗ್’. ಅದು ಹಳೆಯ ಎಚ್‌ಎಂಸಿಗಳ ಜೊತೆಗೇ ಬರುತ್ತಿದ್ದ ಸಿದ್ಧ ಐಡಿ. ಆಪರೇಟರ್, ಅಡ್ವಾನ್ಸ್ಡ್, ಎಸಿಎಸ್‌ಅಡ್ಮಿನ್, ಸರ್ವಿಸ್ ಅದರ ಒಡಹುಟ್ಟುಗಳು. ಯಾರು ಮಾಡಿದ್ದು ಎಂದು ಕೇಳಿದೆ. ‘ಎಂತ ಮಾಡುದು ಸಾರ್, ಮಳೆಗಾಲದಲ್ಲಿ ಸಿಡಿಲು ಬಂದು ಒಬ್ಬನ ಮನೆಯಲ್ಲಿ ಕರೆಂಟು ಹೋದ್ರೆ ಇನ್ನೊಬ್ಬ ಒಳಗೆ ಹೋಗ್ಬೇಕಲ್ಲ? ಪಾಸ್‌ವರ್ಡ್ ಎಲ್ರಿಗೂ ಗೊತ್ತುಂಟು’ ಎಂದ ಪಾಳಿಯ ಮುಖ್ಯಸ್ಥ. ಕಾರಣ ಸುಳ್ಳಲ್ಲ, ಜೂನ್‌ನಲ್ಲಿ ಇಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಪರಿಹಾರ ಮಾತ್ರ ತಪ್ಪು. ಪಾಳಿಯ ಪ್ರತಿಯೊಬ್ಬರಿಗೂ ಸ್ವಂತ ಐಡಿ ಕೊಟ್ಟರೆ ಒಬ್ಬರ ಬದಲು ಇನ್ನೊಬ್ಬರು ಹೋಗಲು ಏನೂ ಅಡ್ಡಿಯಿಲ್ಲ. ಎಚ್‌ಎಂಸಿಯಲ್ಲಿ ಅಧಿಕಾರ ಎರಡು ಬಗೆಯದು: ಯಾವ ಯಂತ್ರ, ಯಾವ ಎಲ್‌ಪಾರ್ ಕಾಣಬೇಕು ಎಂಬುದು ಒಂದು, ಅದರ ಮೇಲೆ ಯಾವ ಕೆಲಸ ಮಾಡಬಹುದು ಎಂಬುದು ಇನ್ನೊಂದು. ಟೆಸ್ಟ್ ತಂಡದವರಿಗೆ ನಿಜವಾದ ವ್ಯವಹಾರ ನಡೆಯುವ ಪ್ರೊಡಕ್ಷನ್ ಎಲ್‌ಪಾರ್ ಕಾಣಿಸಲೇಬೇಕೆಂದಿಲ್ಲ.

ಕಾಣಿಸುವವರಿಗೂ ತಡೆ ಬೇಕು. ಪ್ರೊಡಕ್ಷನ್, ಟೆಸ್ಟ್ ಎರಡರ ಐಕಾನ್‌ಗಳು ಅಕ್ಕಪಕ್ಕ, ಹೆಸರಿನಲ್ಲಿ ಒಂದೇ ಅಕ್ಷರ ವ್ಯತ್ಯಾಸ, ಗಂಟೆ ರಾತ್ರಿ ಮೂರು. ಆಗ ಓಡುತ್ತಿರುವ ವ್ಯವಸ್ಥೆಯ ಮೇಲೆ ಲೋಡ್ ಕ್ಲಿಕ್ಕಾಗಲು ಎಷ್ಟು ಹೊತ್ತು? ಓಡುತ್ತಿರುವುದನ್ನು ನಿಲ್ಲಿಸಬಲ್ಲ ಇಂಥ ಕೆಲಸಕ್ಕೆ ಪಾಸ್‌ವರ್ಡ್ ಮತ್ತೆ ಕೇಳುವಂತೆ ಬಳಕೆದಾರನ ಸೆಟ್ಟಿಂಗ್‌ನಲ್ಲಿ ಹಾಕಬಹುದು. ಎಲ್‌ಪಾರ್‌ನ ವಿವರಗಳಲ್ಲಿ ಅಂಥ ಕೆಲಸಗಳನ್ನೇ ಲಾಕ್ ಮಾಡಿಡಬಹುದು. ಎರಡೂ ಬೇರೆ ಬೇರೆ ಪರದೆಗಳಲ್ಲಿವೆ. ಒಂದನ್ನು ಮಾಡಿದವರು ಇನ್ನೊಂದನ್ನು ಬಿಟ್ಟಿರುತ್ತಾರೆ.

ರ‍್ಯಾಕ್‌ಎಫ್‌ನವರು ನಿರಾಳವಾಗುವುದಕ್ಕೆ ಮೊದಲು ಒಂದು ಮಾತು. ಬಿಸಿಪಿಐಐ ಎಂಬ ದಾರಿಯಿಂದ ಝಡ್‌ಓಎಸ್‌ನ ಪ್ರೋಗ್ರಾಂ ಒಂದು ಕನ್ಸೋಲ್‌ನ ಕೆಲಸಗಳನ್ನು ಒಳಗಿನಿಂದಲೇ ಮಾಡಬಲ್ಲದು. ಅದಕ್ಕೆ ಯಾರಿಗೆ ಅನುಮತಿ ಎಂದು ಹೇಳುವ, ‘ಎಚ್‌ಡಬ್ಲ್ಯುಐ’ಯಿಂದ ಶುರುವಾಗುವ ಪ್ರೊಫೈಲ್‌ಗಳು ರ‍್ಯಾಕ್‌ಎಫ್‌ನ ಫೆಸಿಲಿಟಿ ಕ್ಲಾಸ್ ಎಂಬ ವಿಭಾಗದಲ್ಲಿವೆ. ಆಟೊಮೇಷನ್ ತಂಡ ಹಾಕಿಸಿಕೊಂಡು ಹೋಗಿರುತ್ತದೆ, ಯಾರೂ ತಿರುಗಿ ನೋಡಿರುವುದಿಲ್ಲ.

ಕೊನೆಗೆ ಎಲ್‌ಡ್ಯಾಪ್, ಅಂದರೆ ಬಳಕೆದಾರರ ಕೇಂದ್ರ ಡೈರೆಕ್ಟರಿಯನ್ನು ಕೇಳಿ ಲಾಗಿನ್ ಒಪ್ಪುವ ವಿಧಾನ. ಕನ್ಸೋಲ್ ಲಾಗಿನ್ ಅನ್ನು ಕಂಪನಿಯ ಡೈರೆಕ್ಟರಿಗೆ ಜೋಡಿಸುವುದು ಒಳ್ಳೆಯದೇ. ಕೆಲಸ ಬಿಟ್ಟವರ ಐಡಿ ತಾನಾಗಿ ಸಾಯುತ್ತದೆ. ಆದರೆ ಆ ಡೈರೆಕ್ಟರಿ ಸರ್ವರ್ ಅದೇ ಮೇನ್‌ಫ್ರೇಮ್‌ನ ಎಲ್‌ಪಾರ್‌ನಲ್ಲಿ ಓಡುತ್ತಿದ್ದರೆ? ಯಂತ್ರ ಬಿದ್ದ ದಿನ ಅದನ್ನು ಎಬ್ಬಿಸಲು ಯಾರಿಗೂ ಲಾಗಿನ್ ಆಗಲಾಗದು. ಆದ್ದರಿಂದ ಕನ್ಸೋಲ್‌ನಲ್ಲೇ ಪಾಸ್‌ವರ್ಡ್ ಇರುವ ಒಂದು ಐಡಿ ಉಳಿಸಿಕೊಳ್ಳಿ. ಅದರ ಪಾಸ್‌ವರ್ಡ್ ಮೊಹರು ಹಾಕಿದ ಲಕೋಟೆಯಲ್ಲಿ, ಯಂತ್ರವಿರುವ ಡೇಟಾ ಸೆಂಟರ್‌ನಲ್ಲೇ, ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಇರುವಂತೆ ಇಬ್ಬರ ಜಂಟಿ ವಶದಲ್ಲಿರಲಿ. ನೆಟ್‌ವರ್ಕ್ ಸತ್ತಾಗ ಅದು ಮಂಗಳೂರಿನ ಡ್ರಾಯರ್‌ನಲ್ಲಿದ್ದು ಪ್ರಯೋಜನವಿಲ್ಲ. ಒಡೆದ ದಿನವೇ ಪಾಸ್‌ವರ್ಡ್ ಬದಲಿಸಿ ಹೊಸ ಲಕೋಟೆ ಇಡಿ. ಒಡೆದವರು ಯಾರು, ಯಾವ ಟಿಕೆಟ್‌ಗಾಗಿ ಎನ್ನುವುದನ್ನು ರಿಜಿಸ್ಟರಿನಲ್ಲಿ ಬರೆದು ಇಬ್ಬರೂ ಸಹಿ ಹಾಕಲಿ.