ಗೇರುಮರದ ಬುಡದಲ್ಲಿ ನಿಂತು ವಿಟಮಿನ್ ಹುಡುಕಿದ್ದು

2020ರ ಏಪ್ರಿಲ್. ಲಾಕ್‌ಡೌನ್ ಶುರುವಾಗಿ ಎರಡು ವಾರ ಕಳೆದಿತ್ತು. ಕುಮಟಾ ಪೇಟೆಯ ಮೆಡಿಕಲ್ ಶಾಪಿನ ಎದುರು ಸುಣ್ಣದಲ್ಲಿ ಬರೆದ ವೃತ್ತಗಳೊಳಗೆ ಏಳೆಂಟು ಜನ ನಿಂತಿದ್ದೆವು. ಮುಂದಿದ್ದವರೆಲ್ಲ ಕೇಳಿದ್ದು ಒಂದೇ: "ಸಿ ಮಾತ್ರೆ ಇದ್ಯಾ?" ಅಂಗಡಿಯವರದ್ದೂ ಒಂದೇ ಉತ್ತರ: "ಮುಗೀತು ಮಾರಾಯ್ರೆ, ಸೋಮವಾರ ನೋಡಿ." ಕೇಳಬಾರದು ಅಂದುಕೊಂಡೇ ಹೋಗಿದ್ದೆ. ಸರದಿ ಬಂದಾಗ ನನ್ನ ಬಾಯಿಗೂ ಅದೇ ಬಂತು.

ವಾಪಸ್ ಬರುವಾಗ ಗುಡ್ಡದ ಗೇರುಮರಗಳ ಬುಡವೆಲ್ಲ ಕೆಂಪು, ಹಳದಿ. ಬೀಜ ತಿರುವಿಕೊಂಡು ಹಣ್ಣು ಅಲ್ಲೇ ಬಿಟ್ಟು ಹೋಗಿದ್ದರು. ಹುಳಿತ ವಾಸನೆ ರಸ್ತೆಯವರೆಗೂ ಬರುತ್ತಿತ್ತು. ಗೇರುಹಣ್ಣಿನಲ್ಲಿ ವಿಟಮಿನ್ ಸಿ ಕಿತ್ತಳೆಗಿಂತ ಎಷ್ಟೋ ಪಟ್ಟು ಜಾಸ್ತಿ. ಇದು ನನಗೆ ಗೊತ್ತಾಗಿದ್ದು ಮಾತ್ರ ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದ ಮೇಲೆ.

ಆ ದಿನಗಳಲ್ಲಿ ಹುಡುಕಿದವನು ನಾನೊಬ್ಬನೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೊರೊನಾವನ್ನು ಮಹಾಸೋಂಕು ಎಂದು ಕರೆದದ್ದು 2020ರ ಮಾರ್ಚ್ 11ಕ್ಕೆ. ಜನ ಯಾವ ಶಬ್ದವನ್ನು ಯಾವಾಗ ಹೆಚ್ಚು ಹುಡುಕಿದರು ಅಂತ ತೋರಿಸುವ ಗೂಗಲ್ ಟ್ರೆಂಡ್ಸ್‌ನಲ್ಲಿ ಜಗತ್ತಿನ 'ವಿಟಮಿನ್ ಸಿ' ಗೆರೆ ನೋಡಿದರೆ ಅದೇ ತಿಂಗಳು ಅದು ತೆಂಗಿನಮರದ ಹಾಗೆ ನೆಟ್ಟಗೆ ಎದ್ದಿದೆ. ಆದರೆ ಆ ಗೆರೆ ಓದುವುದು ಸ್ವಲ್ಪ ಉಪಾಯದ ಕೆಲಸ. ಅಲ್ಲಿ 100 ಎಂದಿದ್ದರೆ ನೂರು ಜನವೂ ಅಲ್ಲ, ನೂರು ಲಕ್ಷವೂ ಅಲ್ಲ. ನಾವು ಆರಿಸಿಕೊಂಡ ಅವಧಿಯಲ್ಲಿ, ಒಟ್ಟು ಹುಡುಕಾಟದಲ್ಲಿ ಆ ಶಬ್ದದ ಪಾಲು ಅತಿ ಹೆಚ್ಚಿದ್ದ ಹೊತ್ತಿಗೆ 100 ಅಂತ ಗುರುತು ಹಾಕುತ್ತಾರೆ. ಉಳಿದದ್ದೆಲ್ಲ ಅದಕ್ಕೆ ಹೋಲಿಸಿ. ಹುಡುಕಿದವರು ಕಡಿಮೆ ಇದ್ದರೆ ಗೆರೆಯೇ ಮೂಡುವುದಿಲ್ಲ. ಸಿದ್ದಾಪುರದ ಹಳ್ಳಿಯಲ್ಲಿ ನೆಟ್‌ವರ್ಕಿಗಾಗಿ ಗುಡ್ಡ ಹತ್ತಿ, ಕನ್ನಡದಲ್ಲಿ 'ಕಷಾಯ ಮಾಡುವುದು ಹೇಗೆ' ಅಂತ ಟೈಪ್ ಮಾಡಿದವರು ಆ ಗೆರೆಯೊಳಗೆ ಇದ್ದರೂ ಇಲ್ಲದ ಹಾಗೆ.

ಇನ್ನೊಂದು ವಿಷಯ. ಹುಡುಕಾಟ ಏರಿದ ಕಡೆಯೆಲ್ಲ ಕಾಯಿಲೆ ಏರಿದೆ ಅಂತ ಅಲ್ಲ. ಲಾಕ್‌ಡೌನ್ ಘೋಷಣೆಯಾದಾಗ ಇಡೀ ದೇಶದಲ್ಲಿ ಇದ್ದದ್ದು ಸುಮಾರು 500 ಪ್ರಕರಣ. ನಮ್ಮ ಜಿಲ್ಲೆಯಲ್ಲಿ ಮೊದಲು ಭಟ್ಕಳದಲ್ಲಿ ಕಾಣಿಸಿಕೊಂಡಾಗ ಶಿರಸಿ, ಯಲ್ಲಾಪುರದ ಕಡೆ ಒಬ್ಬರಿಗೂ ಬಂದಿರಲಿಲ್ಲ. ಹೆದರಿಕೆ ಮಾತ್ರ ಘಟ್ಟ ಹತ್ತಿಯಾಗಿತ್ತು. ಗೂಗಲ್‌ಗೂ ಈ ಪಾಠ ಮೊದಲೇ ಆಗಿತ್ತು. ಜನ ಏನು ಹುಡುಕುತ್ತಾರೆ ಅಂತ ನೋಡಿ ಫ್ಲೂ ಎಷ್ಟು ಹರಡಿದೆ ಎಂದು ಹೇಳುವ ಒಂದು ವ್ಯವಸ್ಥೆಯನ್ನು ಅದು 2008ರಲ್ಲಿ ಶುರು ಮಾಡಿತ್ತು. 2012-13ರ ಚಳಿಗಾಲದಲ್ಲಿ ಅದರ ಅಂದಾಜು ಅಮೆರಿಕದ ನಿಜವಾದ ಲೆಕ್ಕಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟಾಯಿತು. 2015ರಲ್ಲಿ ಅಂಗಡಿ ಮುಚ್ಚಿದರು.

ಸರಿ, ಹೆದರಿದವರು ವಿಟಮಿನ್ನನ್ನೇ ಯಾಕೆ ಹುಡುಕಿದರು? ಅದಕ್ಕೆ ಹಿಂದೆ ಹೋಗಬೇಕು. ಅದೃಷ್ಟಕ್ಕೆ ಕಾರವಾರದಿಂದಲೇ ಹೊರಡಬಹುದು.

ಬಿಣಗಾದ ಎದುರು ಸಮುದ್ರದಲ್ಲಿ ಅಂಜದೀವ ಎಂಬ ದ್ವೀಪ ಇದೆ. ಲೆಕ್ಕಕ್ಕೆ ಗೋವಾದ್ದು, ಕಾಣುವುದು ನಮಗೆ. ವಾಸ್ಕೋ ಡ ಗಾಮ ಊರಿಗೆ ಮರಳುವ ಮುಂಚೆ ಹಡಗು ರಿಪೇರಿ ಮಾಡಿಕೊಂಡು, ನೀರು ತುಂಬಿಕೊಂಡದ್ದು ಅಲ್ಲೇ. 1498ರ ಅಕ್ಟೋಬರ್ 5ಕ್ಕೆ ಅಲ್ಲಿಂದ ಹೊರಟರು. ಗಾಳಿ ಕೈಕೊಟ್ಟಿತು. ಆಫ್ರಿಕಾದ ದಡ ಕಾಣಲು ಹತ್ತಿರ ಹತ್ತಿರ ಮೂರು ತಿಂಗಳು ಬೇಕಾಯಿತು. ಅಷ್ಟರಲ್ಲಿ ಒಸಡು ಊದಿ ಹಲ್ಲಿನ ಮೇಲೆ ಬಂತು, ಊಟ ಮಾಡಲು ಆಗಲಿಲ್ಲ, ಕೈಕಾಲು ಬಾತವು. ಸುಮಾರು 30 ಜನ ಸತ್ತರು. ಒಂದೊಂದು ಹಡಗಿನಲ್ಲಿ ಕೆಲಸಕ್ಕೆ ಬರುವವರು ಏಳೆಂಟು ಮಂದಿ ಉಳಿದಿದ್ದರಂತೆ. 1499ರ ಜನವರಿಯಲ್ಲಿ ಮಲಿಂದಿ ಮುಟ್ಟಿದ ಕೂಡಲೇ ದಡಕ್ಕೆ ಆಳು ಕಳಿಸಿ ತರಿಸಿದ್ದು ಕಿತ್ತಳೆ. ರೋಗಿಗಳು ಅದನ್ನೇ ಕೇಳುತ್ತಿದ್ದರು. ಹಡಗಿನಲ್ಲಿದ್ದವನೊಬ್ಬ ಬರೆದಿಟ್ಟ ದಿನಚರಿಯಲ್ಲಿ ಇದೆಲ್ಲ ಇದೆ.

ಅದು ಸ್ಕರ್ವಿ. ವಿಟಮಿನ್ ಸಿ ತಿಂಗಳುಗಟ್ಟಲೆ ಸಿಗದಿದ್ದರೆ ಬರುವ ಕಾಯಿಲೆ. ತಮಾಷೆ ನೋಡಿ, ಬ್ರೆಜಿಲಿನಿಂದ ಗೇರು ತಂದು ಈ ಕರಾವಳಿಯಲ್ಲಿ ನೆಟ್ಟವರೂ ಅದೇ ಪೋರ್ಚುಗೀಸರು.

ಮುಂದಿನದ್ದು ಬಹಳ ಜನ ಕೇಳಿದ ಕಥೆ. 1747ರಲ್ಲಿ ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ 12 ನಾವಿಕರಿಗೆ ಇಬ್ಬಿಬ್ಬರಂತೆ ಆರು ಬಗೆಯ ಔಷಧ ಕೊಟ್ಟ. ಕಿತ್ತಳೆ, ನಿಂಬೆ ತಿಂದ ಇಬ್ಬರು ಬೇಗ ಚೇತರಿಸಿಕೊಂಡರು. ಹಡಗುಗಳಿಗೆ ನಿಂಬೆರಸ ಕಡ್ಡಾಯವಾಗಲು ಮತ್ತೂ ಸುಮಾರು 50 ವರ್ಷ ಹೋಯಿತು. ಸರಕಾರಿ ಫೈಲು ಆಗಲೂ ಹಾಗೇ ಅಲ್ವಾ!

'ವಿಟಮಿನ್' ಎಂಬ ಹೆಸರು ಹುಟ್ಟಿದ್ದು 1912ರಲ್ಲಿ, ಕ್ಯಾಸಿಮಿರ್ ಫಂಕ್ ಎಂಬ ವಿಜ್ಞಾನಿಯಿಂದ. ಆತ ಹುಡುಕುತ್ತಿದ್ದದ್ದು ಬೆರಿಬೆರಿ ಕಾಯಿಲೆಗೆ ಮದ್ದು. ಪಾಲಿಶ್ ಮಾಡಿದ ಬಿಳಿ ಅಕ್ಕಿಯನ್ನೇ ಉಣ್ಣುವವರಿಗೆ ಅದು ಬರುತ್ತಿತ್ತು. ನಮ್ಮ ಕುಚಲಕ್ಕಿ ಉಂಡವರಿಗೆ ಆ ಕಾಟ ಕಡಿಮೆ. ಭತ್ತ ಬೇಯಿಸುವಾಗ ತೌಡಿನ ಸತ್ವ ಕಾಳಿನೊಳಗೆ ಇಳಿದಿರುತ್ತದೆ. 1918ರಲ್ಲಿ ಕೂನೂರಿನ ಒಂದು ಕೋಣೆಯಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಇದೇ ಬೆರಿಬೆರಿಯ ಅಧ್ಯಯನ ಶುರು ಮಾಡಿದರು. ಆ ಕೋಣೆಯೇ ಬೆಳೆದು ಇವತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಆಗಿದೆ.

ಇಲ್ಲಿಯವರೆಗಿನ ಕಥೆಯೆಲ್ಲ ಕೊರತೆಯದ್ದು. ಇಲ್ಲದವರಿಗೆ ಕೊಟ್ಟರು, ಎದ್ದು ಕೂತರು. 'ಇದ್ದವರೂ ಇನ್ನಷ್ಟು ತಿಂದರೆ ಕಾಯಿಲೆಯೇ ಬಾರದು' ಅನ್ನುವುದು ಬೇರೆಯೇ ಮಾತು. ಆ ಮಾತಿಗೆ ದೊಡ್ಡ ಹೆಸರು ಸಿಕ್ಕಿದ್ದು 1970ರಲ್ಲಿ. ಎರಡು ನೊಬೆಲ್ ಪಡೆದಿದ್ದ ಲೈನಸ್ ಪೌಲಿಂಗ್ ಗ್ರಾಂಗಟ್ಟಲೆ ವಿಟಮಿನ್ ಸಿ ತಿಂದರೆ ನೆಗಡಿ ಬರುವುದಿಲ್ಲ ಎಂದು ಪುಸ್ತಕ ಬರೆದರು. ಅಷ್ಟು ದೊಡ್ಡವರು ಹೇಳಿದ ಮೇಲೆ ಯಾರು ಬೇಡ ಅಂದಾರು? ಮಾತ್ರೆ ಭರ್ಜರಿಯಾಗಿ ಹೋಯಿತು. ಆಮೇಲಿನ ಹತ್ತಾರು ಪ್ರಯೋಗಗಳನ್ನು ಒಟ್ಟು ಮಾಡಿ 2013ರಲ್ಲಿ ನೋಡಿದಾಗ ದಿನಾ ತಿಂದವರಿಗೂ ನೆಗಡಿ ಬಂದೇ ಬಂದಿತ್ತು. ದೊಡ್ಡವರಲ್ಲಿ ಅದರ ಅವಧಿ ಶೇ. 8ರಷ್ಟು ತಗ್ಗಿತ್ತು, ಅಷ್ಟೇ. ಐದು ದಿನದ ನೆಗಡಿಯಲ್ಲಿ ಹತ್ತು ಗಂಟೆ ಉಳಿತಾಯ ಅನ್ನಿ. ಮ್ಯಾರಥಾನ್ ಓಡುವವರು, ಹಿಮದಲ್ಲಿ ಕಸರತ್ತು ಮಾಡುವ ಸೈನಿಕರು, ಇಂಥವರಿಗೆ ಮಾತ್ರ ನಿಜವಾದ ಲಾಭ ಕಂಡಿತ್ತು.

2020ರಲ್ಲಿ ನಾವು ಹುಡುಕಿದ್ದು ಪೌಲಿಂಗ್ ಬಿಟ್ಟು ಹೋದ ಆ ನಂಬಿಕೆಯನ್ನೇ. ನಮ್ಮಲ್ಲಿ ಅದಕ್ಕೆ ಇನ್ನೊಂದು ಎಳೆ ಸೇರಿತು. ಮಾರ್ಚ್ 31ಕ್ಕೆ ಆಯುಷ್ ಸಚಿವಾಲಯ ಕಷಾಯ, ಅರಿಶಿನದ ಹಾಲು, ಚ್ಯವನಪ್ರಾಶದ ಸಲಹೆ ಕೊಟ್ಟಿತು. 'ಇಮ್ಯೂನಿಟಿ' ಮನೆಮನೆಯ ಶಬ್ದವಾಯಿತು. ಕಷಾಯ ಕುಡಿಯಲು ನಮ್ಮೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ ಬಿಡಿ. ಮಾತ್ರೆ ಸಿಗದೆ ಬಂದ ನನ್ನನ್ನು ನೋಡಿ ಆಯಿ ಹೇಳಿದ್ದು: "ಎಂತಕ್ಕೆ ತಮಾ ಮಾತ್ರೆ? ಡಬ್ಬಿಲಿ ನೆಲ್ಲಿಚಟ್ಟು ಇದ್ದಲಾ." ಒಣಗಿಸಿದ ನೆಲ್ಲಿಚೂರು ನೆನೆಸಿ, ರುಬ್ಬಿ, ಮಜ್ಜಿಗೆ ಹಾಕಿ ತಂಬುಳಿ ಮಾಡಿದಳು. ನಾನು ಅದನ್ನೂ ಹುಡುಕಿ ನೋಡಿದೆ. ಒಣಗಿಸಿದಾಗ ವಿಟಮಿನ್ ಸಿ ಸಾಕಷ್ಟು ಹೋಗುತ್ತದೆ, ಕುದಿಸಿದರೆ ಮತ್ತೂ ಹೋಗುತ್ತದೆ. ಆಯಿಗೆ ಹೇಳಲಿಲ್ಲ. ತಂಬುಳಿ ರುಚಿಯಾಗಿತ್ತು.

ಹಾಗೆ ನೋಡಿದರೆ ನಮಗೆ ಬೇಕಾದದ್ದೇ ಎಷ್ಟು? ಅದೇ ವರ್ಷ ಪರಿಷ್ಕರಿಸಿದ ಭಾರತದ ಲೆಕ್ಕದಲ್ಲಿ ಗಂಡಸರಿಗೆ ದಿನಕ್ಕೆ 80 ಮಿಲಿಗ್ರಾಂ, ಹೆಂಗಸರಿಗೆ 65. ಒಂದು ಪೇರಲೆ ಹಣ್ಣಿನಲ್ಲಿ ಮುಗಿಯುತ್ತದೆ. ಚೀಪುವ ಕಿತ್ತಳೆ ಬಣ್ಣದ ಮಾತ್ರೆ ಒಂದಕ್ಕೇ 500. ಉಳಿದದ್ದು ಮೂತ್ರದಲ್ಲಿ ಹೋಗುತ್ತದೆ, ಕೊಡ ತುಂಬಿದ ಮೇಲೂ ನಲ್ಲಿ ಬಿಟ್ಟಿಟ್ಟ ಹಾಗೆ. ವಿಟಮಿನ್ ಡಿ ಹಾಗಲ್ಲ. ಅದು ಕೊಬ್ಬಿನಲ್ಲಿ ಉಳಿಯುತ್ತದೆ, ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು. ವಾರಕ್ಕೊಂದು ನುಂಗಬೇಕಾದ 60,000 ಯೂನಿಟ್ಟಿನ ಮಾತ್ರೆಯನ್ನು ನಮ್ಮ ನೆಂಟರೊಬ್ಬರು ವಾಟ್ಸಾಪ್ ನೋಡಿ ದಿನಾ ನುಂಗುತ್ತಿದ್ದರು. ಹತ್ತನೇ ದಿನ ಮಗಳಿಗೆ ಗೊತ್ತಾಗಿ ಬಿಡಿಸಿದಳು. ಅಮೃತಬಳ್ಳಿಯದ್ದೂ ಹಾಗೇ. ತಿಂಗಳುಗಟ್ಟಲೆ ಕುಡಿದ ಕೆಲವರಿಗೆ ಲಿವರ್ ತೊಂದರೆ ಆಯಿತೆಂದು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ.

ಪ್ರಯೋಗಗಳ ಉತ್ತರ ಬರುವಾಗ ಹುಡುಕಾಟ ತಣ್ಣಗಾಗಿತ್ತು. ಅಮೆರಿಕದಲ್ಲಿ 214 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಕೆಲವರಿಗೆ ದಿನಕ್ಕೆ 8,000 ಮಿಲಿಗ್ರಾಂ ವಿಟಮಿನ್ ಸಿ, ಕೆಲವರಿಗೆ ಝಿಂಕ್, ಕೆಲವರಿಗೆ ಎರಡೂ ಕೊಟ್ಟರು. ಕೊರೊನಾ ಲಕ್ಷಣಗಳು ಬೇಗ ಇಳಿಯಲಿಲ್ಲ. ಪ್ರಯೋಜನ ಕಾಣದೆ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ನಾರ್ವೆಯಲ್ಲಿ ಸುಮಾರು 34,000 ಜನ ಚಳಿಗಾಲದಲ್ಲಿ ದಿನಾ ಒಂದು ಚಮಚ, ವಿಟಮಿನ್ ಡಿ ಇರುವ ಕಾಡ್ ಮೀನೆಣ್ಣೆ ಅಥವಾ ಅದಿಲ್ಲದ ಬೇರೆ ಎಣ್ಣೆ ಕುಡಿದರು. ಎರಡೂ ಗುಂಪಿಗೆ ಕೊರೊನಾ ಒಂದೇ ಸಮ ಬಂತು. ಇಷ್ಟರ ಮಧ್ಯೆ, ನಮ್ಮ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಸೌಮ್ಯ ಲಕ್ಷಣದವರ ಚಿಕಿತ್ಸೆಯಿಂದ ಝಿಂಕ್, ಮಲ್ಟಿವಿಟಮಿನ್ ಮಾತ್ರೆ ಕೈಬಿಟ್ಟಿತ್ತು. ಆಗ 2021ರ ಮೇ ಕೊನೆ. ಎರಡನೇ ಅಲೆಯಲ್ಲಿ ಜನ ಹುಡುಕುತ್ತಿದ್ದದ್ದು ಆಕ್ಸಿಜನ್, ಬೆಡ್ಡು.

ಹೋದ ದೀಪಾವಳಿಗೆ ಕಪಾಟು ಒರೆಸುವಾಗ ಆ ಕಿತ್ತಳೆ ಮಾತ್ರೆಯ ಸ್ಟ್ರಿಪ್ ಒಂದು ಸಿಕ್ಕಿತು. ಆ ಸೋಮವಾರ ಮತ್ತೆ ಸಾಲಿನಲ್ಲಿ ನಿಂತು ತಂದಿದ್ದೆ. 15ರಲ್ಲಿ 11 ಹಾಗೇ ಇದ್ದವು.