ಗಲ್ಲು ಪ್ರಕರಣದಲ್ಲಿ ಆರೋಪಿ ಪರ ವಕೀಲರ ಕೆಲಸ: ಮುಂಬೈ, ಪುಣೆಯ ಕನ್ನಡ ಕಾನೂನು ವಿದ್ಯಾರ್ಥಿಗಳಿಗೆ ಟಿಪ್ಪಣಿ

ಗಲ್ಲು ಪ್ರಕರಣ ಹೆಚ್ಚಾಗಿ ಕೈತಪ್ಪುವುದು ಸೆಷನ್ಸ್ ಕೋರ್ಟಿನಲ್ಲಿ, ಅದೂ ‘ಅಪರಾಧಿ’ ಎಂದು ಓದಿ ಹೇಳಿದ ಮೇಲಿನ ಒಂದೆರಡು ಗಂಟೆಗಳಲ್ಲಿ. ಈ ಪಾಠವನ್ನು ‘ಅಪರೂಪದಲ್ಲಿ ಅಪರೂಪ’ದ ಪ್ರಕರಣಕ್ಕಷ್ಟೇ ಗಲ್ಲು ಎಂಬ ಒಂದೇ ಮಾತಿಗೆ ಇಳಿಸಿ ಉರುಹೊಡೆಯುವವರಿಗೆ ಈ ಘಟ್ಟ ಕಣ್ಣಿಗೇ ಬೀಳುವುದಿಲ್ಲ.

ಶಿಕ್ಷೆಯ ಪ್ರಮಾಣದ ಬಗ್ಗೆ ಬೇರೆಯೇ ವಿಚಾರಣೆ ಆಗಬೇಕು: ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 258(2), ಹಳೆಯ ಸಿಆರ್‌ಪಿಸಿಯಲ್ಲಿ (ದಂಡ ಪ್ರಕ್ರಿಯಾ ಸಂಹಿತೆ) 235(2). ಗಲ್ಲು ಕೊಡುವುದಾದರೆ ‘ವಿಶೇಷ ಕಾರಣ’ ಬರೆಯಲೇಬೇಕು: ಕಲಂ 393(3), ಹಿಂದೆ 354(3). ಸುಪ್ರೀಂ ಕೋರ್ಟಿನ 1980ರ ಬಚನ್ ಸಿಂಗ್ ತೀರ್ಪಿನ ಪ್ರಕಾರ ಅಪರಾಧದ ಜೊತೆ ಅಪರಾಧಿಯನ್ನೂ ತೂಗಬೇಕು, ಮತ್ತು ಈತ ಸುಧಾರಿಸಲಾರ ಎಂದು ಸಾಕ್ಷ್ಯ ಕೊಟ್ಟು ತೋರಿಸುವ ಹೊಣೆ ಸರ್ಕಾರದ್ದು. ಎರಡನೆಯ ಭಾಗವನ್ನು ವಿದ್ಯಾರ್ಥಿಗಳು ಮರೆಯುತ್ತಾರೆ. ವಕೀಲರೂ ಮರೆಯುತ್ತಾರೆ.

ಎಡವುವುದು ಹೀಗೆ. ಬೆಳಿಗ್ಗೆ ತೀರ್ಪು, ಮಧ್ಯಾಹ್ನ ಶಿಕ್ಷೆಯ ವಾದ. ವಕೀಲರು ಎದ್ದು ‘ಚಿಕ್ಕ ವಯಸ್ಸು, ಮುಪ್ಪಿನ ತಂದೆತಾಯಿ, ಮೊದಲ ಅಪರಾಧ’ ಎಂದು ಮೂರು ಮಾತು ಹೇಳಿ ಕೂರುತ್ತಾರೆ. ನ್ಯಾಯಾಧೀಶರು ‘ಶಿಕ್ಷೆ ತಗ್ಗಿಸುವ ಸಂಗತಿ ದಾಖಲೆಯಲ್ಲಿಲ್ಲ’ ಎಂದು ಬರೆಯುತ್ತಾರೆ. 2022ರ ಮನೋಜ್ ತೀರ್ಪಿನ ನಂತರ ಇದಕ್ಕೆ ನೆಪವಿಲ್ಲ: ಆರೋಪಿಯ ಮನಃಸ್ಥಿತಿ, ಕುಟುಂಬ, ಓದು, ದುಡಿಮೆಯ ವಿವರ, ಜೈಲಿನ ನಡವಳಿಕೆಯ ವರದಿ ಎಲ್ಲವನ್ನೂ ಕೋರ್ಟು ತರಿಸಿಕೊಳ್ಳಬೇಕು. ಬಾಯಿಮಾತಿನಲ್ಲಿ ಕೇಳಿದ್ದು ಮೇಲಿನ ಕೋರ್ಟಿಗೆ ಕಾಣುವುದಿಲ್ಲ, ಆದ್ದರಿಂದ ಈ ವರದಿಗಳಿಗೂ ಸಮಯಕ್ಕೂ ಲಿಖಿತ ಅರ್ಜಿಯನ್ನೇ ಕೊಡಬೇಕು.

ಈ ಮಾಹಿತಿ ಸಿಗುವುದು ಎಲ್ಲಿ? ಪುಣೆಯ ಕಟ್ಟಡ ಕೆಲಸಕ್ಕೆ ಯಾದಗಿರಿಯಿಂದ ಬಂದ ಕೂಲಿಯೊಬ್ಬ ಆರೋಪಿ ಎಂದಿಟ್ಟುಕೊಳ್ಳಿ. ಲೀಗಲ್ ಏಡ್ (ಉಚಿತ ಕಾನೂನು ನೆರವು) ವಕೀಲರಿಗೆ ಮರಾಠಿ, ಹಿಂದಿ ಬರುತ್ತದೆ, ಅವನ ತಾಯಿಗೆ ಎರಡೂ ಬಾರದು. ಇಲ್ಲಿಯೇ ಕನ್ನಡ ಬಲ್ಲ ಜೂನಿಯರ್ ಬೇಕಾಗುವುದು. ಮೊದಲು ಶಾಲೆಯ ದಾಖಲಾತಿ ರಿಜಿಸ್ಟರಿನ ನಕಲು ತನ್ನಿ. ಕೃತ್ಯದ ದಿನ 18 ತುಂಬಿರದಿದ್ದರೆ ಗಲ್ಲಿನ ಮಾತೇ ಇಲ್ಲ. 2015ರ ಬಾಲನ್ಯಾಯ ಕಾಯ್ದೆಯ ಕಲಂ 9(2)ರಂತೆ ಈ ವಾದವನ್ನು ಯಾವ ಹಂತದಲ್ಲಾದರೂ ಎತ್ತಬಹುದು. ಆಮೇಲೆ ಆಸ್ಪತ್ರೆಯ ಚೀಟಿ, ಅದರಲ್ಲೂ ತಲೆಗೆ ಪೆಟ್ಟು ಬಿದ್ದದ್ದು, ಫಿಟ್ಸ್ ಬಂದದ್ದು. ಮನೆಯವರ ಜೊತೆ ಒಂದೇ ಭೇಟಿಯಲ್ಲಿ ಮುಗಿಸಬೇಡಿ. ಹೊಡೆತ, ಹಸಿವು, ಶಾಲೆ ಬಿಟ್ಟು ಗುಳೆ ಹೋದ ವರ್ಷ, ಇವು ಎರಡನೇ ಮೂರನೇ ಸಲಕ್ಕೆ ಹೊರಬರುತ್ತವೆ. ಊರಿನ ಹಿರಿಯರು ಪಕ್ಕದಲ್ಲಿ ಕೂತಿದ್ದರೆ ಹೊರಬರುವುದೇ ಇಲ್ಲ.

ಕೋರ್ಟಿನೊಳಗೂ ಭಾಷೆಯ ತೊಡಕಿದೆ. ಆರೋಪಿಗೆ ಅರ್ಥವಾಗದ ಸಾಕ್ಷ್ಯವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು ಎಂಬುದು ಬಿಎನ್‌ಎಸ್‌ಎಸ್ ಕಲಂ 314, ಹಿಂದೆ 279. ದುಭಾಷಿ ಇರದ ದಿನವೇ ಲಿಖಿತ ಆಕ್ಷೇಪ ಹಾಕಿ, ಇಲ್ಲವಾದರೆ ಮೇಲ್ಮನವಿಯಲ್ಲಿ ‘ಇದರಿಂದ ಆದ ಹಾನಿ ಏನು?’ ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ.

ಲೀಗಲ್ ಏಡ್ ಬಗ್ಗೆ 2019ರ ಅನೋಖಿಲಾಲ್ ತೀರ್ಪು ಓದಿ. ವಕೀಲರನ್ನು ನೇಮಿಸಿದ ದಿನವೇ ಆರೋಪ ಹೊರಿಸಿ, ಹದಿನೈದೇ ದಿನದೊಳಗೆ ವಿಚಾರಣೆ ಮುಗಿಸಿದ್ದ ಪ್ರಕರಣ ಅದು. ಗಲ್ಲು ಸಾಧ್ಯವಿರುವ ಪ್ರಕರಣಕ್ಕೆ ಕನಿಷ್ಠ 10 ವರ್ಷ ವಕೀಲಿ ಮಾಡಿದವರೇ ಬೇಕು, ಸಿದ್ಧತೆಗೆ ಸಾಮಾನ್ಯವಾಗಿ 7 ದಿನವಾದರೂ ಬೇಕು ಎಂದಿತು ಸುಪ್ರೀಂ ಕೋರ್ಟು. ಏಳು ದಿನ ಏನೇನೂ ಸಾಲದು ಅನ್ನಿ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ 2016ರ ಅಧ್ಯಯನದಲ್ಲಿ ಗಲ್ಲಿನ ಕೈದಿಗಳಲ್ಲಿ ಶೇ. 74.1 ಮಂದಿ ಆರ್ಥಿಕವಾಗಿ ದುರ್ಬಲರು. ಈ ಅಂಕಿಯನ್ನು ಪರೀಕ್ಷೆಯ ಉತ್ತರದಲ್ಲಿ ಬರೆದು ಅಲ್ಲಿಗೇ ಬಿಡುವವರೇ ಹೆಚ್ಚು. ಬಡವನ ಬಾಳಿನ ದಾಖಲೆಯನ್ನು ಯಾರೂ ಕಲೆಹಾಕದೆ ಹೋಗುತ್ತಾರೆ ಎಂಬ ಕೊಂಡಿಯನ್ನೂ ಸೇರಿಸಿ.

ಹೈಕೋರ್ಟಿನ ಹಂತ ಚಿಕ್ಕದಾಗಿ: ಅಪೀಲು ಇಲ್ಲದಿದ್ದರೂ ಗಲ್ಲು ದೃಢೀಕರಣಕ್ಕೆ ಹೋಗಲೇಬೇಕು (ಕಲಂ 407), ಪೀಠ ಸಾಕ್ಷ್ಯವನ್ನೆಲ್ಲ ಹೊಸದಾಗಿ ನೋಡುತ್ತದೆ. ಅಪೀಲಿನ ಅವಧಿ 30 ದಿನ. ಬೇರೆ ಶಿಕ್ಷೆಗೆ ಹೈಕೋರ್ಟಿಗೆ 60 ದಿನ ಸಿಗುವಾಗ ಅತಿ ಕಠಿಣ ಶಿಕ್ಷೆಗೆ ಅರ್ಧವೇ! 2006ರ ಮುಂಬೈ ರೈಲು ಸ್ಫೋಟ ಪ್ರಕರಣದಲ್ಲಿ ಅಪರಾಧಿಗಳೆಂದಾದ 12 ಮಂದಿಯಲ್ಲಿ ಐವರಿಗೆ 2015ರಲ್ಲಿ ಗಲ್ಲು ಶಿಕ್ಷೆ ವಿಧಿಸಲಾಗಿತ್ತು. 2025ರ ಜುಲೈ 21ರಂದು ಬಾಂಬೆ ಹೈಕೋರ್ಟು ಎಲ್ಲ 12 ಮಂದಿಯನ್ನೂ ಖುಲಾಸೆ ಮಾಡಿತು. ಮೂರೇ ದಿನಕ್ಕೆ ಸುಪ್ರೀಂ ಕೋರ್ಟು ಅದನ್ನು ಪೂರ್ವನಿದರ್ಶನವಾಗಿ ಬಳಸಬಾರದೆಂದಿತು, ಹಾಗಾಗಿ ಉದಾಹರಿಸುವಾಗ ಎಚ್ಚರ. ಮಹಾರಾಷ್ಟ್ರದ ಇನ್ನೊಂದು ಪ್ರಕರಣ ಇದಕ್ಕಿಂತ ಕಟು: ಅಲೆಮಾರಿ ಸಮುದಾಯದ ಆರು ಮಂದಿಗೂ 2009ರಲ್ಲಿ ಸುಪ್ರೀಂ ಕೋರ್ಟೇ ಗಲ್ಲು ವಿಧಿಸಿತ್ತು. 2019ರಲ್ಲಿ ಅದೇ ಕೋರ್ಟು ಆರೂ ಮಂದಿ ನಿರ್ದೋಷಿಗಳೆಂದು ಬಿಡುಗಡೆ ಮಾಡಿ, ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು.

ಕೊನೆಯದು ಕ್ಷಮಾದಾನ. ಕಲಂ 472ರ ಪ್ರಕಾರ 30 ದಿನದೊಳಗೆ ಅರ್ಜಿ. ರಾಜ್ಯಪಾಲರು ತಿರಸ್ಕರಿಸಿದರೆ 60 ದಿನದೊಳಗೆ ರಾಷ್ಟ್ರಪತಿಗೆ. ಇಲ್ಲಿ ವಕೀಲರ ಆಯುಧ ತಾರೀಖುಗಳ ಪಟ್ಟಿ: ಕಡತ ಯಾವ ಮೇಜಿನಲ್ಲಿ ಎಷ್ಟು ದಿನ ಕೂತಿತ್ತು ಎಂಬುದು. 2014ರ ಶತ್ರುಘ್ನ ಚೌಹಾಣ್ ತೀರ್ಪು ಕಾರಣವಿಲ್ಲದ ವಿಳಂಬವನ್ನು ಶಿಕ್ಷೆ ಇಳಿಸಲು ಆಧಾರ ಎಂದಿದೆ. ಪುಣೆಯ 2007ರ ಕಾಲ್‌ಸೆಂಟರ್ ಉದ್ಯೋಗಿ ಕೊಲೆ ಪ್ರಕರಣದಲ್ಲಿ ರಾಷ್ಟ್ರಪತಿ ಅರ್ಜಿ ತಿರಸ್ಕರಿಸಿದ್ದು 2017ರಲ್ಲಿ, ಗಲ್ಲಿನ ವಾರಂಟು ಹೊರಟದ್ದು 2019ರ ಏಪ್ರಿಲ್‌ನಲ್ಲಿ. ಅಪರಾಧಿಗಳ ಪರ ಮುಂಬೈನ ಯುಗ್ ಮೋಹಿತ್ ಚೌಧರಿ ವಾದಿಸಿದರು. ಅಪರಾಧ ಘೋರವೆಂಬ ಬಗ್ಗೆ ತಕರಾರಿರಲಿಲ್ಲ, ಲೆಕ್ಕವಿದ್ದದ್ದು ದಿನಗಳದ್ದು. 2019ರ ಜುಲೈ 29ರಂದು ಬಾಂಬೆ ಹೈಕೋರ್ಟು ಶಿಕ್ಷೆಯನ್ನು 35 ವರ್ಷ ಜೈಲಿಗೆ ಇಳಿಸಿತು, 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು.